ಅಪ್ಪ ಕೇಳುವ ಬಣ್ಣ

ಮಾರ್ಚ್ ೧೪, ಮಂಗಳವಾರ. ಅಂಗಡಿಯ ಮೇಲಿನ ಕೋಣೆ. ಅಪ್ಪ ಮಲಗಿದ್ದಾರೆ.

ಅನುವಾದಗಳನ್ನು ಪ್ರಕಟಿಸುವ ನಗರದ ಸಂಸ್ಥೆಯವರು ಕೆಲಸಕ್ಕೆ ಕರೆದು ವಾರವಾಯಿತು. ನಾನಿನ್ನೂ ಉತ್ತರ ಕೊಟ್ಟಿಲ್ಲ. ಬೋರ್ಡು ಬರೆಯುವ ಅಪ್ಪನಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತವೆ. "ಪುಟ್ಟೀ, ಇದ್ಯಾವ ಬಣ್ಣ?" ಎಂದು ಅವರು ಡಬ್ಬ ಎತ್ತಿದಾಗಲೆಲ್ಲ ಹೇಳುವವಳು ನಾನೇ. ನಾನು ಹೋದರೆ ಯಾರು ಹೇಳುತ್ತಾರೆ?

ಇವತ್ತು ಪೇಟೆಯಿಂದ ಬೇಗ ಬಂದೆ. ಅಪ್ಪ ಯಾರನ್ನೂ ಕೇಳದೆ ಕಪಾಟಿನ ಎಡತುದಿಯ ಡಬ್ಬ ಎಳೆದುಕೊಂಡು, ಔಷಧಿ ಅಂಗಡಿಯ ಬೋರ್ಡಿಗೆ ಹಸಿರು ಹಚ್ಚುತ್ತಿದ್ದರು. ಅಚ್ಚ ಹಸಿರು.

"ಎಲಾ! ಮಗಳಿಲ್ದೆ ಕೈಯೇ ಆಡಲ್ಲ ಅಂತಿದ್ರಲ್ಲ ಯಜಮಾನ್ರೇ?" ಎಂದು ಬೋರ್ಡು ನೋಡಲು ಬಂದಿದ್ದ ಔಷಧಿ ಅಂಗಡಿಯವರು ಕೆಣಕಿದರು.

"ನಾನಿಟ್ಟ ಡಬ್ಬದ ಜಾಗ ನಂಗೆ ಗೊತ್ತಿರಲ್ವಾ? ಕೇಳ್ದೇ ಇದ್ರೆ ಆ ಮಹಾರಾಯ್ತಿ ದಿನವಿಡೀ ಬಾಯೇ ಬಿಡಲ್ಲ ಕಣ್ರೀ. ಪುಸ್ತಕ ಹಿಡಿದ್ಲು ಅಂದ್ರೆ ಮುಗೀತು."

ನಾನು ಬಾಗಿಲ ಹೊರಗೇ ನಿಂತುಬಿಟ್ಟೆ. ಎಷ್ಟು ವರ್ಷದಿಂದ ಹೀಗೆ? ಎಂದಾದರೂ ನಾನು ತಪ್ಪು ಹೇಳಿದ್ದರೆ ಏನು ಮಾಡುತ್ತಿದ್ದರು?

ನಾಳೆ ಅವರು ಡಬ್ಬ ಎತ್ತುವ ಮೊದಲೇ ನಾನಾಗಿ ಮಾತು ತೆಗೆಯುತ್ತೇನೆ. ಹೋಗುತ್ತೇನೆ ಎಂದು ಹೇಳಿಬಿಡುತ್ತೇನೆ. ಆಮೇಲೆ ಅವರು ಏನು ಕೇಳಬಹುದು?