ಟ್ಯೂಬಿನ ತುದಿಯ ಮಂಜು

ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪುಟ್ಟಿ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ನಿಮ್ಮಮ್ಮ ಆಗಲೇ ನಿನ್ನ ಪಾಲಿನದನ್ನೂ ಸೇರಿಸಿ ಬೈದಿದ್ದಾಳೆ. ಅವಳ ಮಂಡಿನೋವು ಕಡಿಮೆಯಾಗಿದೆ, ಮಾತು ಮಾತ್ರ ಎಂದಿನಷ್ಟೇ ಇದೆ.

ನೀನು ಕಳಿಸಿದ ಲೇಖನ ಓದಿದೆ. ಭೂಮಿಯ ಶಾಖವನ್ನು ಹಿಡಿದಿಡುವ ಅನಿಲಗಳು ಗಾಳಿಯಲ್ಲಿ ಏಕೆ ಏರುತ್ತಿವೆ ಎಂದು ಎಷ್ಟು ಸಲೀಸಾಗಿ ಬರೆದಿದ್ದೀಯೇ! ಕಲ್ಲಿದ್ದಲು, ಗಾಡಿಗಳ ಹೊಗೆ, ಕಡಿದ ಕಾಡು, ದನಗಳ ತೇಗು, ಕೊಳೆಯುವ ಕಸದ ಗುಡ್ಡೆ... ಎಲ್ಲ ಯಾರದೋ ಮನೆಯ ಸುದ್ದಿ ಎಂದು ಕಾಲು ಚಾಚಿಕೊಂಡು ಓದುತ್ತಿದ್ದೆ. ಕೊನೆಯ ಪುಟದಲ್ಲಿ ಸೀದಾ ನಮ್ಮ ಫ್ರಿಜ್ ರಿಪೇರಿ ಅಂಗಡಿಗೇ ನುಗ್ಗಿಬಿಟ್ಟೆಯಲ್ಲ! ಒಂದು ಫ್ರಿಜ್ಜಿನೊಳಗಿನ ಚೂರು ಗ್ಯಾಸು ಗಾಳಿಗೆ ಹೋದರೂ ಕಾರೊಂದು ನೂರಾರು ಮೈಲಿ ಓಡಿದಷ್ಟು ಕೇಡಂತೆ. ಚಾಚಿದ ಕಾಲು ಮಡಚಿಕೊಂಡೆ.

ನಿನಗೆ ನೆನಪಿದೆಯೇ? ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬಂದು ಖಾಲಿ ಕ್ರೇಟಿನ ಮೇಲೆ ಕೂರುತ್ತಿದ್ದೆ. ಹಳೆಯ ಗ್ಯಾಸು ಬಿಡಲು ನಾನು ಟ್ಯೂಬು ಕತ್ತರಿಸಿದರೆ ಉಸ್ಸೆಂದು ಸದ್ದಾಗಿ, ತುದಿಯಲ್ಲಿ ಬೆಳ್ಳಗೆ ಮಂಜು ಕಟ್ಟುತ್ತಿತ್ತು.

"ಅಪ್ಪಾ, ಫ್ರಿಜ್ಜಿಗೆ ಸುಸ್ತಾಗಿದೆ, ನಿಟ್ಟುಸಿರು ಬಿಡ್ತಿದೆ!" ಎಂದು ಚಪ್ಪಾಳೆ ತಟ್ಟುತ್ತಿದ್ದೆ.

"ಮುಟ್ಟಬೇಡ ಕಣೇ, ಕೈ ಸುಡುತ್ತೆ."

"ತಣ್ಣಗಿರೋದು ಹೇಗಪ್ಪಾ ಸುಡುತ್ತೆ?"

ಪಕ್ಕದ ಟೈಲರ್ ಇಣುಕಿ, "ನಿನ್ನ ಮಗಳು ವಕೀಲೆ ಆಗ್ತಾಳೆ ಕಣಯ್ಯ" ಎನ್ನುತ್ತಿದ್ದ. ನೀನು ಗಾಳಿಯನ್ನೇ ಅಳೆಯುವವಳಾದೆ. ಕೆಲಸ ಮುಗಿದರೆ ಸೈಕಲ್ಲಿನ ಮುಂದೆ ನಿನ್ನನ್ನು ಕೂರಿಸಿಕೊಂಡು ಕೆರೆಯ ಸುತ್ತ ಒಂದು ಸುತ್ತು. ಬೆಲ್ಲು ಬಾರಿಸುವ ಹಕ್ಕು ನಿನ್ನದು. ಅಷ್ಟು ಸುಖ ಮತ್ತೆ ಸಿಗಲಿಲ್ಲ ಪುಟ್ಟಿ.

"ನಮ್ಮಪ್ಪನಂಥ ಮೆಕ್ಯಾನಿಕ್‌ಗಳಿಗೆ ಇದನ್ನೆಲ್ಲ ಯಾರೂ ಹೇಳಿಕೊಟ್ಟಿರಲಿಲ್ಲ" ಎಂದು ಲೇಖನದಲ್ಲಿ ಬರೆದಿದ್ದೀಯ. ಮುಂದಿನ ತಿಂಗಳು ನಿಮ್ಮ ಆಫೀಸಿನಲ್ಲಿ ನಡೆಯುವ ತರಬೇತಿಗೆ ಬಂದು, ಹೊಸ ಮೆಕ್ಯಾನಿಕ್‌ಗಳ ಎದುರು ನಾನೇ ಹಾಗೆ ಹೇಳಬೇಕಂತೆ. ನಿಮ್ಮಮ್ಮ, "ಹೋಗಿಬನ್ನಿ ಅಂದ್ರೆ, ಮದುವೆ ಹುಡುಗಿ ಥರ ನಾಚ್ಕೋತೀರಲ್ಲ" ಎಂದು ಶರ್ಟಿಗೆ ಇಸ್ತ್ರಿಯನ್ನೂ ಮಾಡಿಸಿಟ್ಟಿದ್ದಾಳೆ. ಬರುತ್ತೇನೋ ಇಲ್ಲವೋ, ಈಗಲೇ ಹೇಳಲಾರೆ.

ವೇಳೆಗೆ ಸರಿಯಾಗಿ ಊಟ ಮಾಡು. ನೂರು ಕಾಲ ತಣ್ಣಗೆ ಬಾಳು.

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮೂರು ವಾರದಿಂದ ಗಂಟಲಲ್ಲೇ ಸಿಕ್ಕಿಕೊಂಡಿದ್ದು. ನನಗೆ ಹೇಳಿಕೊಟ್ಟಿದ್ದರು ಪುಟ್ಟಿ. ನಮ್ಮ ಅಂಗಡಿಯ ಯಜಮಾನರು ಹಳೆಯ ಗ್ಯಾಸನ್ನು ಹೊರಬಿಡದೆ ಹಿಡಿದು ತುಂಬಿಡುವ ಮೆಷಿನ್ ತರಿಸಿ, ಎರಡು ದಿನ ಎದುರು ಕೂತು ಕಲಿಸಿದರು. ಅದರಲ್ಲಿ ಮಾಡಿದರೆ ಫ್ರಿಜ್ಜಿಗೆ ಅರ್ಧ ಗಂಟೆ ಹೆಚ್ಚು. ಬೆಳಕಿರುವಾಗಲೇ ಕೆರೆಗೆ ಹೊರಡಲಾಗುತ್ತಿರಲಿಲ್ಲ. ಅವರಿಲ್ಲದಾಗೆಲ್ಲ ಟ್ಯೂಬು ಕತ್ತರಿಸಿದೆ. ಇಷ್ಟು ಕೇಡೆಂದು ಗೊತ್ತಿರಲಿಲ್ಲ. ಗಾಳಿಗೆ ಬಿಡಬಾರದೆಂದು ಗೊತ್ತಿತ್ತು. ತಪ್ಪು ನನ್ನದು, ನಿನ್ನದಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ ಎಂಬ ಆ ಒಂದು ಸಾಲು ತೆಗೆದುಬಿಡು.

ಅಂಗಡಿ ಮುಚ್ಚಿದ ದಿನ ಯಜಮಾನರು, "ಎಷ್ಟು ಜೋಪಾನವಾಗಿ ಇಟ್ಕೊಂಡಿದೀಯಪ್ಪ" ಎಂದು ಮೆಷಿನ್ನನ್ನು ನನಗೇ ಕೊಟ್ಟರು. ಇದನ್ನು ಓದಿದ ಮೇಲೂ ನೀನು ಕರೆದರೆ, ಅದನ್ನು ಹೊತ್ತುಕೊಂಡೇ ಬರುತ್ತೇನೆ. ಇನ್ನೂ ಹೊಸದರ ಹಾಗೇ ಇದೆ.