ಅನುರಾಧಾ ಕುಡಿದ ಹಾಲು

ಸ್ಯಾಟಲೈಟ್, ಅಹಮದಾಬಾದ್
೫ ಡಿಸೆಂಬರ್ ೧೯೯೬

ಪ್ರೀತಿಯ ಶಾಂತಕ್ಕನಿಗೆ,

ರಮಾಮಣಿಯ ನಮಸ್ಕಾರಗಳು. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಿಮ್ಮ ಪಕ್ಕದ ಮನೆಯಲ್ಲಿದ್ದ ರಮಾ ನಾನು. ಪತ್ರ ತಡವಾದರೆ ಕ್ಷಮಿಸಿ ಎನ್ನುವುದು ರೂಢಿ. ಇಪ್ಪತ್ತೇಳು ವರ್ಷ ತಡವಾದದ್ದಕ್ಕೆ ಏನೆನ್ನಬೇಕೋ ತಿಳಿಯದೆ ಎರಡು ಹಾಳೆ ಹರಿದೆ. ನೀವು ಗದಗಿನಲ್ಲಿ ನಿಮ್ಮ ಮಗ ಮಲ್ಲಿಕಾರ್ಜುನನ ಮನೆಯಲ್ಲಿದ್ದೀರೆಂದು ನಮ್ಮ ಯಜಮಾನರು ಹಳೆಯ ಸಹೋದ್ಯೋಗಿಗಳಿಂದ ತಿಳಿದು ನಿನ್ನೆ ಫೋನಿನಲ್ಲಿ ವಿಳಾಸ ಹೇಳಿದರು. ಎದೆಯ ಮೇಲಿದ್ದ ಆ ಕೂಸಿಗೆ ಈಗ ಎರಡು ಮಕ್ಕಳಂತೆ! ಕೇಳಿ ಬಹಳ ಸಂತೋಷವಾಯಿತು.

ನಮ್ಮ ಸುದ್ದಿ ಏನೆಂದರೆ, ಮಗಳು ಅನುರಾಧಾ ಹೆಣ್ಣು ಹಡೆದಿದ್ದಾಳೆ. ಎರಡು ತಿಂಗಳು ದಾಟಿತು. ಅಳಿಯ ಅಚ್ಯುತ ಇಲ್ಲಿ ಬಾಹ್ಯಾಕಾಶ ಸಂಶೋಧನೆಯ ಕೆಲಸದಲ್ಲಿದ್ದಾನೆ. ಬಸಿರಿನಲ್ಲಿ ಬಿ.ಪಿ. ಏರಿ, ಡಾಕ್ಟರು ರೈಲು ಪ್ರಯಾಣ ಬೇಡವೆಂದರು. ಹಾಗಾಗಿ ಒಣಕೊಬ್ಬರಿ, ಉಂಡೆಗೆ ಅಂಟು, ಬೆಳ್ಳುಳ್ಳಿ ಕಟ್ಟಿಕೊಂಡು ಬಾಣಂತನಕ್ಕೆ ನಾನೇ ಇಲ್ಲಿಗೆ ಬಂದೆ.

ಬಂದು ನಾನು ಮಾಡಿದ್ದನ್ನು ನಿಮಗೆ ಹೇಳಲೇಬೇಕು. ಕೂಸು ತಾಸಿಗೊಮ್ಮೆ ಹಾಲಿಗೆ ಅಳುತ್ತಿತ್ತು. ಸಂಜೆ ಐದಕ್ಕೆ ಹಚ್ಚಿದರೆ ಎಂಟಾದರೂ ಎದೆ ಬಿಡುತ್ತಿರಲಿಲ್ಲ. ಬಿಡಿಸಿದರೆ ಮೈ ಕೆಂಪಾಗುವಂತೆ ಕಿರುಚುತ್ತಿತ್ತು.

“ನಿನ್ನ ಹಾಲು ಸಾಲವಲ್ದು ಅನು. ಕೂಸಿಗೆ ಹಸಿವ್ಯಾಗೇದ,” ಎಂದೆ.

“ಈಗರ ಕುಡಿಸೀನವ್ವಾ. ಅರ್ಧ ತಾಸೂ ಆಗಿಲ್ಲ.”

“ಅದಕ್ಕ ಹೇಳ್ತೀನಿ, ಸಾಲವಲ್ದು.”

ದಿನಕ್ಕೆ ನಾಲ್ಕು ಸಲ ಇದನ್ನೇ ಹೇಳಿದೆ. ಕೊನೆಗೆ ಅಚ್ಯುತನಿಂದ ಹಾಲಿನ ಪುಡಿಯ ಡಬ್ಬಿ ತರಿಸಿ ಬಾಟಲಿ ಕುದಿಸಿಟ್ಟೆ. ಕೂಸು ಗಟಗಟ ಕುಡಿದು ಮೂರು ತಾಸು ಮಲಗಿತು. “ನೋಡಿದ್ಯಾ?” ಎಂದೆ, ಗೆದ್ದವಳ ಹಾಗೆ. ಅನುರಾಧಾ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಹತ್ತು ದಿನಗಳಲ್ಲಿ ಒಂದು ಬಾಟಲಿ ನಾಲ್ಕಾಯಿತು. ಕೂಸು ಎದೆಗೆ ಹಚ್ಚಿದರೆ ಮುಖ ತಿರುಗಿಸತೊಡಗಿತು, ಹಾಲೂ ನಿಜವಾಗಿ ಇಳಿಯಿತು. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಮಗಳು ಅಳುವುದು ನನಗೆ ಕೇಳುತ್ತಿತ್ತು.

ಲಸಿಕೆ ಹಾಕಿಸಲು ಹೋದಾಗ ಡಾಕ್ಟರು ಕೂಸನ್ನು ತೂಗಿ, ಅನುರಾಧಾಳ ಮುಖ ನೋಡಿ, ಏನಾಯಿತೆಂದು ಕೇಳಿದರು. ಅವಳು ಬಾಟಲಿಯ ವಿಷಯ ಹೇಳಿದಳು. “ಬಾಟಲಿ ಕೊಡುವ ಮೊದಲು ದಿನಕ್ಕೆ ಎಷ್ಟು ಬಟ್ಟೆ ಒದ್ದೆಯಾಗುತ್ತಿದ್ದವು?” ಎಂದು ಹಿಂದಿಯಲ್ಲಿ ಕೇಳಿದರು.

“ಎಂಟು, ಒಮ್ಮೊಮ್ಮೆ ಹತ್ತು.”

“ಹಿಂದಿನ ಚೀಟಿಯಲ್ಲಿ ತೂಕವೂ ಚೆನ್ನಾಗಿಯೇ ಏರಿದೆ. ಹಾಲು ಸಾಲದೆಂದು ಯಾರು ಹೇಳಿದರು?”

ನಾನು ನನ್ನ ಚಪ್ಪಲಿ ನೋಡುತ್ತ ಕುಳಿತೆ. ಅನುರಾಧಾಳೂ ನನ್ನ ಕಡೆ ಬೆರಳು ತೋರಿಸಲಿಲ್ಲ. ಎಳೆಗೂಸಿನ ಹೊಟ್ಟೆ ಪುಟ್ಟದು, ತಾಯಿಯ ಹಾಲು ಬೇಗ ಕರಗುತ್ತದೆ, ಪದೇ ಪದೇ ಕೇಳಿದರೆ ಕೊರತೆ ಎಂದಲ್ಲ, ಸಂಜೆ ಹೊತ್ತು ಹೆಚ್ಚು ಕೇಳುವುದೂ ಇದ್ದದ್ದೇ, ಕುಡಿದಷ್ಟೂ ಬರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಬಾಟಲಿಯನ್ನು ಒಂದೊಂದಾಗಿ ಇಳಿಸಿ, ವಾರಕ್ಕೊಮ್ಮೆ ತೂಕ ತೋರಿಸಲು ಹೇಳಿದರು.

ಆಮೇಲೆ ಮನೆಕೆಲಸ ನನ್ನದು, ಕೂಸು ಅವಳದು. ಎದೆ ಬೇಡವೆಂದು ಕೂಸು ಬೆನ್ನು ಸೆಟೆಸಿದಾಗಲೆಲ್ಲ “ಬಾಟಲಿ ತರಲಾ” ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬರುತ್ತಿತ್ತು. ನುಂಗಿಕೊಂಡು ರೊಟ್ಟಿ ಬಡಿದೆ. ಕೆಳಗಿನ ಮನೆಯ ಮಂಜುಳಾಬೆನ್ ಬಾಣಂತಿಗೆಂದು ‘ಸುವಾ’ ಹುರಿದು ತಂದರು. ಮೂಸಿ ನೋಡಿದರೆ ನಮ್ಮ ಸಬ್ಬಸಿಗೆ ಬೀಜ! ಮೂರು ವಾರಕ್ಕೆ ಕೊನೆಯ ಬಾಟಲಿಯೂ ನಿಂತಿತು. ಮೊನ್ನೆ ತೂಗಿದಾಗ ಕೂಸು ನಾಲ್ಕೂವರೆ ಕೆ.ಜಿ. “ಎಲ್ಲಾ ನಂದ ಹಾಲು,” ಎಂದು ಅನುರಾಧಾ ಆಟೋದಲ್ಲಿ ಮನೆ ಮುಟ್ಟುವ ತನಕ ನಗುತ್ತಲೇ ಇದ್ದಳು.

ಅವತ್ತು ಮಧ್ಯಾಹ್ನ ಕುಡಿಸುತ್ತ ಕೇಳಿದಳು, “ಅವ್ವಾ, ನೀ ಯಾಕ ಅಷ್ಟು ಅಂಜಿದ್ದಿ? ನಾ ಸಣ್ಣಾಕಿದ್ದಾಗ ನಿನಗ ಹಾಲು ಕಡಿಮಿ ಬಿದ್ದಿತ್ತೇನು?”

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಹೇಳಿದೆ. ನನಗೆ ಜ್ವರ ಬಂದು ಹಾಲು ಬತ್ತಿದ್ದನ್ನು, ನೀವು ಮಲ್ಲಿಕಾರ್ಜುನನನ್ನು ಒಂದು ಕಡೆ, ಅವಳನ್ನು ಒಂದು ಕಡೆ ಹಾಕಿಕೊಂಡು ಮೂರು ವಾರ ಕುಡಿಸಿದ್ದನ್ನು. “ಬಿಡಬ್ಯಾಡ ರಮಾ, ಹಚ್ಕೋತ ಇರು, ಬರತದ” ಎಂದು ನೀವು ದಿನವೂ ಹೇಳುತ್ತಿದ್ದುದನ್ನು. ಬಂತು ಕೂಡ. ಡಾಕ್ಟರು ಹೇಳಿದ್ದನ್ನೇ ನೀವು ಅಂದೇ ಹೇಳಿದ್ದಿರಿ.

“ಹಂಗಾದ್ರ ನಂಗ ಇಬ್ಬರು ತಾಯಂದಿರು!” ಎಂದಳು. ಮರುಕ್ಷಣವೇ ಸಿಟ್ಟು. “ಇಷ್ಟು ವರ್ಷ ಬಾಯಿ ಬಿಡಲಿಲ್ಲಲ್ಲ? ಅವರ ಜೋಡಿ ಮಾತು ಯಾಕ ಬಿಟ್ಟಿ?”

ನಮ್ಮ ಅತ್ತೆ ಊರಿಂದ ಬಂದವರು, ಬೇರೆ ಜಾತಿಯವರ ಹಾಲು ಕುಡಿಸಿದರೆಂದು ನಳದ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ನಿಮ್ಮನ್ನು ಬೈದದ್ದು, ಮರುವರ್ಷ ನೀವು ವರ್ಗವಾಗಿ ಹೋದದ್ದು, ಎಲ್ಲ ಹೇಳಿದೆ. ಅವಳು ಕೂಸನ್ನು ಇನ್ನೊಂದು ಎದೆಗೆ ಹಾಕಿಕೊಂಡು, “ನಾಮಕರಣ ಹುಬ್ಬಳ್ಳ್ಯಾಗ ಮಾಡೂಣು. ತೊಟ್ಟಿಲಕ್ಕ ಹಾಕೂದು ಅವರ ಕೈಲೇನ. ಇವತ್ತ ಪತ್ರ ಬರಿ,” ಎಂದಳು.

ಸಂಕ್ರಾಂತಿ ಕಳೆದ ಮೇಲೆ ನಾವು ಹುಬ್ಬಳ್ಳಿಗೆ ಬರುತ್ತೇವೆ. ನೀವು ಬರಬೇಕು ಅಕ್ಕಾ. ಮಲ್ಲಿಕಾರ್ಜುನನಿಗೂ ಅವನ ಹೆಂಡತಿ ಮಕ್ಕಳಿಗೂ ನನ್ನ ಆಶೀರ್ವಾದ. ದೇವರು ಅವರನ್ನು ತಂಪಾಗಿ ಇಟ್ಟಿರಲಿ. ನಿಮ್ಮ ಪಾದಗಳಿಗೆ ನನ್ನ ಹಣೆ.

ನಿಮ್ಮ
ರಮಾ

ತಾ.ಕ.: ಅನುರಾಧಾಗೆ ಹೇಳಿದ್ದು ಅರ್ಧ ಮಾತ್ರ. ಕೂಸಿಗೆ ಯಾರ ಹಾಲು ಕುಡಿಸಿದೆ ಎಂದು ಅತ್ತೆ ಕೇಳಿದಾಗ, “ನಾ ಜ್ವರದಾಗ ಮಲಗಿದ್ದೆ, ಶಾಂತಕ್ಕ ನನಗ ಕೇಳದ ಎತ್ಕೊಂಡು ಹೋಗಿ ಕುಡಿಸ್ಯಾರ,” ಎಂದುಬಿಟ್ಟೆ. ನಿಮ್ಮ ಬಾಗಿಲಿಗೆ ಬಂದು ಕೂಸನ್ನು ನಿಮ್ಮ ಉಡಿಯಲ್ಲಿ ಹಾಕಿ ಅತ್ತವಳು ನಾನು. ಅತ್ತೆಯ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ಮಗಳು ನಿಮ್ಮ ತೋಳಲ್ಲಿ ಸುಮ್ಮನಾಗುವುದನ್ನು ಕಂಡು ಹೊಟ್ಟೆಕಿಚ್ಚಿತ್ತು. “ಕೇಳದ ಯಾಕ ಕುಡಿಸಿದಿ?” ಎಂದು ಅತ್ತೆ ಕೂಗಿದಾಗಲೇ ನಾನೇನು ಹೇಳಿರಬೇಕೆಂದು ನಿಮಗೆ ತಿಳಿದಿತ್ತು. ನಮ್ಮ ಬಾಗಿಲ ಕಡೆ ಒಮ್ಮೆ ನೋಡಿದಿರಿ. “ಅಕಿನ ತಂದು ಕೊಟ್ಟಾಳ” ಎಂಬ ಒಂದು ಮಾತು ಸಾಕಿತ್ತು. ನೀವು ಆಡಲಿಲ್ಲ. ತುಂಬಿದ ಕೊಡ ಎತ್ತಿಕೊಂಡು ಹೋದಿರಿ, ನಾನು ಬಾಗಿಲ ಹಿಂದೆ ನಿಂತೇ ಇದ್ದೆ. ಇದನ್ನು ಅನುರಾಧಾಗೂ ಹೇಳುವೆ. ಮೊದಲು ನಿಮಗೆ ಹೇಳಬೇಕಿತ್ತು. ಇಷ್ಟು ಓದಿದ ಮೇಲೂ ಬರುವ ಮನಸ್ಸಾದರೆ ಒಂದು ಕಾರ್ಡು ಹಾಕಿ. ಸ್ಟೇಷನ್ನಿಗೆ ಬೇರೆ ಯಾರನ್ನೂ ಕಳಿಸುವುದಿಲ್ಲ, ನಾನೇ ಬರುತ್ತೇನೆ.