ಬಚ್ಚಲುಮನೆಯ ದಿಕ್ಕು

ಯಜ್ದ್,
ಮೆಹರ್ ತಿಂಗಳ ಹತ್ತೊಂಬತ್ತು, ಗುರುವಾರ ಮಧ್ಯಾಹ್ನ

ಪ್ರೀತಿಯ ಜಲೀಲಣ್ಣಾ,

ಹೇಗಿದ್ದೀಯ? ಬೆನ್ನುನೋವು ಎಷ್ಟರಮಟ್ಟಿಗೆ ಕಡಿಮೆಯಾಗಿದೆ? ತಬ್ರೀಜಿನಲ್ಲಿ ಇಷ್ಟು ಹೊತ್ತಿಗೆ ಚಳಿ ಶುರುವಾಗಿರಬೇಕು. ಹೊಲಿಗೆಯಂತ್ರದ ರಿಪೇರಿ ಅಂತ ದಿನವಿಡೀ ಬರೀ ನೆಲದ ಮೇಲೆ ಕೂರಬೇಡ, ಕೆಳಗೆ ಕಂಬಳಿ ಹಾಸಿಕೋ ಅಂತ ಹೋದ ಪತ್ರದಲ್ಲೂ ಬರೆದಿದ್ದೆ. ಹಾಸಿಕೊಂಡಿರುವುದಿಲ್ಲ, ಗೊತ್ತು. ಎಶ್ರತ್ ಅತ್ತಿಗೆಯ ಕೆಮ್ಮು ವಾಸಿಯಾಯಿತೇ? ಪೂಪಕ್ ಈ ವರ್ಷ ಹೈಸ್ಕೂಲು ಮುಗಿಸುತ್ತಾಳಲ್ಲವೇ? ನಾನು ಒಂದು ಸಲವೂ ನೋಡದ ಸೊಸೆ ಅವಳು. ಆದರೂ ಅವಳ ಪರೀಕ್ಷೆಗೆ ನಾನು ಇಲ್ಲಿ ಕೂತು ದಿನ ಎಣಿಸುತ್ತೇನೆ. ಇಲ್ಲಿ ನಿನ್ನ ಭಾವಮೈದುನ ಹಬೀಬ್, ಮಗಳು ಮರ್ಜಾನ್, ನಾನು ಎಲ್ಲರೂ ಆರಾಮ. ಅಮ್ಮನ ಮೊಣಕಾಲು ಮಾತ್ರ ಅವಳ ಮಾತು ಕೇಳುತ್ತಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿರುವುದು ಹಜಾರದಲ್ಲಿ, ಅಮ್ಮನ ಕಿವಿ ಇರುವುದೂ ಹಜಾರದಲ್ಲೇ. ನಿನ್ನ ಪತ್ರ ಬಂದ ದಿನ ಅವಳಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ. ನಾನು ಬೇಕೆಂದೇ ಗಟ್ಟಿಯಾಗಿ ಓದುತ್ತೇನೆ, ಅವಳು ಈರುಳ್ಳಿ ಹೆಚ್ಚುವ ಸದ್ದು ನಿಲ್ಲುತ್ತದೆ. ಓದಿ ಮುಗಿದ ಮೇಲೆ ಮತ್ತೆ ಶುರುವಾಗುತ್ತದೆ. ಒಂಬತ್ತು ವರ್ಷದಿಂದ ಇದೇ ನಡೆದಿದೆ.

ಈಗ ಸುದ್ದಿಗೆ ಬರುತ್ತೇನೆ. ಮನೆ ಕಟ್ಟಿ ನೋಡು ಅಂತ ಎಲ್ಲರೂ ಹೇಳುತ್ತಾರೆ. ಬಚ್ಚಲು ಕೆಡವಿ ನೋಡು ಅಂತ ಯಾಕೆ ಯಾರೂ ಹೇಳಲಿಲ್ಲವೋ ನನಗೆ ತಿಳಿಯದು. ಅಮ್ಮನಿಗೆ ಇನ್ನು ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ, ಕೂತರೆ ಏಳಲು ಆಗುವುದಿಲ್ಲ. ಹೋದ ತಿಂಗಳು ಗೋಡೆ ಹಿಡಿದು ಏಳಲು ಹೋಗಿ ನಲ್ಲಿಯನ್ನೇ ಕಿತ್ತುಕೊಂಡು ಬಂದಳು. ಫರಂಗಿ ಕಮೋಡು ಹಾಕಿಸೋಣ ಅಂದರೆ, "ನಾನೇನು ದರ್ಬಾರು ಮಾಡೋಕೆ ಹೋಗ್ತೀನಾ, ಸಿಂಹಾಸನದ ಮೇಲೆ ಕೂರೋಕೆ?" ಅಂದಳು. ಮೂರು ದಿನ ರಂಪ ಮಾಡಿದಳು. ನಾಲ್ಕನೆಯ ದಿನ ಪಕ್ಕದ ಮನೆಯ ಮುದುಕಿ ತನ್ನ ಮನೆಯದನ್ನು ಹೊಗಳಿದ್ದೇ ತಡ, "ಅವಳದಕ್ಕಿಂತ ಅರ್ಧ ಗೇಣು ಎತ್ತರ ಇರಲಿ" ಅಂತ ಅಪ್ಪಣೆಯಾಯಿತು. ಕಮೋಡಿಗೆ ಜಾಗ ಬೇಕು ಅಂತ ಗೋಡೆ, ಗೋಡೆಗೆ ಟೈಲ್ಸ್, ಟೈಲ್ಸಿಗೆ ಬಣ್ಣ. ಹೀಗೆ ಇಡೀ ಬಚ್ಚಲುಮನೆಯೇ ಹೊಸದಾಗಬೇಕಾಯಿತು.

ನಿಜ ಹೇಳಲೇ, ಅಣ್ಣಾ? ಈ ನೆವದಲ್ಲಿ ನನಗೆ ಒಂದು ಹುಚ್ಚು ಹಿಡಿಯಿತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ತಣ್ಣನೆ ನೆಲದ ಮೇಲೆ ಅಂಗಾತ ಮಲಗಿ ಬಣ್ಣಗಳನ್ನು ನೆನೆಯುತ್ತಿದ್ದೆ. ಕಣ್ಣು ಮುಚ್ಚಿದರೆ ಒಂದು ನೀಲಿ ಬರುತ್ತಿತ್ತು. ಅದು ಆಕಾಶದ್ದೂ ಅಲ್ಲ, ಮಸೀದಿಯ ಗುಮ್ಮಟದ್ದೂ ಅಲ್ಲ. ನೆಲದಡಿಯ ನೀರಿನ ತೊಟ್ಟಿಗೆ ನಾವು ಮೆಟ್ಟಿಲಿಳಿದು ಹೋಗುತ್ತಿದ್ದೆವಲ್ಲ, ಕೊನೆಯ ಮೆಟ್ಟಿಲಲ್ಲಿ ನೀರು ಇದೆಯೋ ಇಲ್ಲವೋ ಅಂತ ತಿಳಿಯದ ಹಾಗೆ ಇರುತ್ತಿತ್ತಲ್ಲ, ಆ ನೀಲಿ. ಹಳೆಯ ಸ್ನಾನದ ಮನೆಯ ಗುಮ್ಮಟದಲ್ಲಿ ದುಂಡು ದುಂಡು ಗಾಜು ಇದ್ದದ್ದು ನೆನಪಿದೆಯೇ? ಒದ್ದೆ ನೆಲದ ಮೇಲೆ ಬೆಳಕಿನ ಬಿಲ್ಲೆಗಳು ಬೀಳುತ್ತಿದ್ದವು. ಅಮ್ಮ ನನ್ನ ಬೆನ್ನುಜ್ಜುವಾಗ ನಾನು ಒಂದು ಬಿಲ್ಲೆಯ ಮೇಲೆ ಪಾದ ಇಟ್ಟು, ಅದು ಮೆಲ್ಲಗೆ ಸರಿದ ಹಾಗೆಲ್ಲ ನಾನೂ ಸರಿಯುತ್ತಿದ್ದೆ. "ನೆಟ್ಟಗೆ ನಿಲ್ಲೇ, ಬೆಳಕು ಎಲ್ಲಿಗೂ ಓಡಿಹೋಗಲ್ಲ" ಅಂತ ಬೆನ್ನಿಗೆ ಒಂದು ಬೀಳುತ್ತಿತ್ತು. ನಮ್ಮ ಬಚ್ಚಲಿನ ಸೂರಿಗೂ ಅಂಥದೊಂದು ಗಾಜು ಇಡಿಸಬೇಕು ಅಂದೆ. ಹಬೀಬ್, "ಬೆಳಕಿನ ಜೊತೆ ಎದುರುಮನೆ ಮಹಡಿಯೋರ ಕಣ್ಣೂ ಒಳಗೆ ಬೀಳತ್ತೆ" ಅಂದ. ಮಬ್ಬುಗಾಜು ಹಾಕಿಸುತ್ತೇನೆ ಅಂದೆ. ಕುಂಬಾರರ ಊರು ಮೈಬೋದಿಗೆ ಹೋಗಿ ಹೆಣ್ಣುಮುಖದ ಸೂರ್ಯ ಬರೆದ ಟೈಲ್ಸ್ ನಾಲ್ಕು ತಂದೆ, ಹುಬ್ಬು ಕೂಡಿದ, ಕೆನ್ನೆ ತುಂಬಿದ ಸೂರ್ಯಮ್ಮ. ಅಮ್ಮ ಅವಳನ್ನು ಮೇಲೆ ಕೆಳಗೆ ನೋಡಿ, "ಗುರುತು ಪರಿಚಯ ಇಲ್ಲದೋಳ ಎದುರಿಗೆ ನಾನು ಬಟ್ಟೆ ಬಿಚ್ಚಲ್ಲ" ಅಂದಳು. ಸೂರ್ಯಮ್ಮ ಈಗ ಅಡುಗೆಮನೆಯಲ್ಲಿ ಒಲೆಯ ಹಿಂದೆ ನಗುತ್ತಿದ್ದಾಳೆ. ಬಚ್ಚಲಿಗೆ ನೀಲಿ ಮಾತ್ರ ಅಂತ ತೀರ್ಮಾನವಾಯಿತು.

ಇಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ಹೋದ ವಾರ ಮೇಸ್ತ್ರಿ ಸಫರ್‌ಅಲಿ ಕಮೋಡು ಕೂರಿಸುವ ಮುಂಚೆ ಜೇಬಿನಿಂದ ಕಂಪಾಸು ತೆಗೆದ. "ಮೊದಲು ಕಿಬ್ಲಾ, ಆಮೇಲೆ ಪೈಪು ಅಮ್ಮಾವ್ರೇ. ಕೂತೋರ ಮುಖಾನೂ ಮಕ್ಕಾ ಕಡೆ ಇರಬಾರದು, ಬೆನ್ನೂ ಇರಬಾರದು." ನಾನು ನಗುತ್ತಾ, ಅಷ್ಟು ಕಷ್ಟ ಬೇಡ, ಅಮ್ಮನ ಕೋಣೆಯಲ್ಲಿ ನಮಾಜಿಗೆ ನಮ್ಮಣ್ಣ ಗೆರೆ ಎಳೆದಿದ್ದಾನೆ, ಅದನ್ನೇ ನೋಡಿಕೋ ಅಂದೆ. ಅವನು ಹೋಗಿ ನೋಡಿದ. ಅಂಗಳಕ್ಕೆ ಬಂದು ಕಂಪಾಸು ನೋಡಿದ. ಮತ್ತೆ ಒಳಗೆ ಹೋದ. ಬೀದಿ ಮಸೀದಿಯ ತನಕ ನಡೆದುಹೋಗಿ ಅಲ್ಲಿಂದಲೂ ಲೆಕ್ಕ ಹಾಕಿಕೊಂಡು ಬಂದ. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾ, "ಅಮ್ಮಾವ್ರೇ, ಅಜ್ಜಿ ದಾಳಿಂಬೆ ಗಿಡದ ಕಡೆ ನಮಾಜು ಮಾಡ್ತಿದಾರೆ. ಮಕ್ಕಾ ಇರೋದು ಈ ಬಚ್ಚಲಿನ ಗೋಡೆ ಕಡೆ" ಅಂದ. ನನ್ನ ಕೈಯಲ್ಲಿದ್ದ ಚಹಾದ ತಟ್ಟೆ ಅಲ್ಲೇ ನಿಂತಿತು. ತಪ್ಪು ಒಂದೆರಡು ಬೆರಳಿನದಲ್ಲ, ಕಿಟಕಿಗೂ ಬಚ್ಚಲಿನ ಗೋಡೆಗೂ ಇರುವಷ್ಟು, ಪೂರ್ತಿ ಕಾಲು ಸುತ್ತು.

ಇಪ್ಪತ್ತೇಳು ವರ್ಷ, ಅಣ್ಣಾ. ಈ ಮನೆಗೆ ಬಂದಾಗ ನನಗೆ ಹದಿನಾಲ್ಕು, ನೀನು ಸೈನ್ಯದ ಸೇವೆ ಮುಗಿಸಿ ಬಂದ ವರ್ಷ. ಸೈನ್ಯದಿಂದ ತಂದ ಕಂಪಾಸನ್ನು ಅಮ್ಮನ ಕೋಣೆಯ ನೆಲದಲ್ಲಿಟ್ಟು, ಉಸಿರು ಬಿಗಿಹಿಡಿದು, ಮೊಳೆಯಲ್ಲಿ ಗೆರೆ ಎಳೆದೆ. ಅಮ್ಮ ಅವತ್ತಿನಿಂದ ಚಾಪೆಯನ್ನು ಒಂದು ಕೂದಲು ಅತ್ತಿತ್ತ ಹಾಸಿಲ್ಲ. ದೊಡ್ಡಪ್ಪ ಒಮ್ಮೆ ಚಾಪೆಯನ್ನು ಸ್ವಲ್ಪ ತಿರುಗಿಸಿ ಹಾಸಿದ್ದಕ್ಕೆ, "ನನ್ನ ಮಗ ಕಂಪಾಸಿಟ್ಟು ಎಳೆದ ಗೆರೆ ಅದು, ನಿಮ್ಮ ಅಂದಾಜು ನಿಮ್ಮ ಮನೇಲಿಟ್ಕೊಳ್ಳಿ" ಅಂತ ಊಟಕ್ಕೆ ಬಂದವರನ್ನು ಬೈದು ಕಳಿಸಿದ್ದಳು. ನೀನು ಮನೆ ಬಿಟ್ಟ ದಿನ ಹೇಳಿದ ಮಾತೂ ನನಗೆ ನೆನಪಿದೆ. "ದಿನಕ್ಕೆ ಐದು ಸಲ ನಾನು ತೋರಿಸಿದ ದಿಕ್ಕಿಗೆ ನಿಲ್ತೀಯ ಅಮ್ಮ, ನಾನು ಆರಿಸಿದವಳನ್ನ ಮಾತ್ರ ನಂಬಲ್ಲ." ಅಮ್ಮ, "ಗಂಡ ಸತ್ತ, ಮಗಳಿರೋ ಹೆಂಗಸು ಬೇರೆ, ಕಿಬ್ಲಾ ಬೇರೆ. ನಾನು ಕರೆಯೋ ತನಕ ಬರಬೇಡ" ಅಂದಳು. ಅವಳು ಕರೆಯಲಿಲ್ಲ, ನೀನು ಬರಲಿಲ್ಲ. ನೀವಿಬ್ಬರೂ ಒಂದೇ ಮಣ್ಣಿನ ಇಟ್ಟಿಗೆಗಳು. ಈ ಮನೆಯಲ್ಲಿ ನಿನ್ನದು ಅಂತ ಉಳಿದದ್ದು ಆ ಒಂದು ಗೆರೆ. ಅದೂ ತಪ್ಪು ಅಂತ ತಿಳಿದರೆ ಅಮ್ಮ ಏನೆನ್ನುತ್ತಾಳೆ? ಗೆರೆಯೇ ನೆಟ್ಟಗೆ ಎಳೆಯಲು ಬಾರದವನು ಹೆಂಡತಿಯನ್ನು ಆರಿಸಿದ್ದು ಇನ್ನೆಷ್ಟು ನೆಟ್ಟಗಿದ್ದೀತು ಅನ್ನುವುದಿಲ್ಲವೇ? ನಿನ್ನನ್ನು ಕರೆಯುವ ಆಸೆ ಎಲ್ಲಾದರೂ ಒಂದಿಷ್ಟು ಉಳಿದಿದ್ದರೆ ಅದೂ ಅವತ್ತಿಗೆ ಮುಗಿಯಿತು ಅಂತ ನನಗೆ ಭಯವಾಯಿತು.

ಹೇಳದೆ ಇರಲೂ ಆಗದು. ಅಮ್ಮನ ಗೆರೆ ತಪ್ಪಿಸಿ ಕೂರಿಸಿದರೆ ಕಮೋಡು ನಿಜವಾದ ಕಿಬ್ಲಾಕ್ಕೆ ಮುಖ ಮಾಡುತ್ತದೆ. ನಿಜವಾದದ್ದನ್ನು ತಪ್ಪಿಸಿ ಕೂರಿಸಿದರೆ ಅಮ್ಮನ ಗೆರೆಗೆ ಬೆನ್ನು ಮಾಡುತ್ತದೆ, ಮೊದಲ ದಿನವೇ ಕೂಗಾಡುತ್ತಾಳೆ. ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು. ಟೈಲ್ಸ್ ಇನ್ನೂ ಬಂದಿಲ್ಲ ಅಂತ ಅಮ್ಮನಿಗೆ ಸುಳ್ಳು ಹೇಳಿ ಸಫರ್‌ಅಲಿಯನ್ನು ಮನೆಗೆ ಕಳಿಸಿದೆ. ಐದು ದಿನ ಅಮ್ಮ ಕೋಲೂರಿಕೊಂಡು ಪಕ್ಕದ ಮನೆಗೆ ಹೋಗಿಬರಬೇಕಾಯಿತು, ನನ್ನ ಹೇಡಿತನಕ್ಕೆ. ಆ ಐದು ದಿನವೂ ನಾನು ನಿದ್ದೆಗಣ್ಣಿನಲ್ಲೇ ಓಡಾಡಿದೆ. ಒಂದು ದಿನ ಮರ್ಜಾನಳ ಶಾಲೆಯ ಭೂಪಟ ಹಾಸಿ, ನಮ್ಮೂರಿನಿಂದ ಆ ತಪ್ಪು ಗೆರೆಯ ಮೇಲೆ ಸ್ಕೇಲು ಇಟ್ಟೆ. ಎಲ್ಲಿ ಹೋಗುತ್ತದೆ ನೋಡೋಣ, ತಬ್ರೀಜಿನ ಮೇಲೆ ಹಾದುಹೋದರೆ ಸಾಕು, ಇಪ್ಪತ್ತೇಳು ವರ್ಷ ನೀನು ಮಗನ ಕಡೆಗೇ ಮುಖ ಮಾಡಿದ್ದೆ ಅಂತ ಅಮ್ಮನಿಗೆ ಹೇಳಿ ಅಳಿಸಬಹುದು ಅಂತ ಲೆಕ್ಕ ಹಾಕಿದ್ದೆ. ಗೆರೆ ನಿನ್ನ ಊರಿಗೆ ಬೆನ್ನು ಹಾಕಿ ಮರಳುಗಾಡು ದಾಟಿ ನೇರ ಸಮುದ್ರಕ್ಕೆ ಇಳಿಯಿತು. ಅಷ್ಟು ಸುಲಭವಾಗಿ ಯಾವ ದೇವರೂ ನನ್ನ ಕೆಲಸ ಮಾಡಿಕೊಡುವುದಿಲ್ಲ.

ಮೊನ್ನೆ ಮಂಗಳವಾರ ಸಫರ್‌ಅಲಿಯೇ ತಡೆಯಲಾರದೆ ಬಂದು ಹಳೆಯ ನೆಲ ಅಗೆದ. ಅಡಿಯಲ್ಲಿ ಏನಿತ್ತು ಗೊತ್ತೇ? ಹಿಂದಿನ ಮನೆಯವರು ಬತ್ತಿದ ಬಾವಿಗೆ ಮುಚ್ಚಿದ್ದ ಕಬ್ಬಿಣದ ಹಲಗೆಗಳು, ಒಂದರ ಮೇಲೊಂದು ಮೂರು. ಎತ್ತಲು ನಾಲ್ಕು ಆಳು ಬೇಕಾಯಿತು. ಹಲಗೆಗಳ ಪಕ್ಕ ಕಂಪಾಸು ಇಟ್ಟು ತೋರಿಸಿದ. ಮುಳ್ಳು ಅತ್ತ ವಾಲಿ, ಮದುವೆಮನೆ ಹುಡುಗಿಯ ಹಾಗೆ ತಲೆಯನ್ನೇ ಎತ್ತಲಿಲ್ಲ. ನೀನು ಅವತ್ತು ಕಂಪಾಸು ಇಟ್ಟದ್ದು ಬಚ್ಚಲಿಗೂ ಅಮ್ಮನ ಕೋಣೆಗೂ ನಡುವಿನ ಅದೇ ಗೋಡೆಯ ಬುಡದಲ್ಲಿ. ತಪ್ಪು ನಿನ್ನದಲ್ಲ ಅಣ್ಣಾ, ಕಬ್ಬಿಣದ್ದು. ನನಗೆ ಧೈರ್ಯ ಬಂತು. ಊಟವಾದ ಮೇಲೆ ಅಮ್ಮನ ತಲೆ ಬಾಚುತ್ತಾ, ಅವಳ ಮುಖ ನನಗೆ ಕಾಣದ ಹಾಗೆ ಕೂತು, ಎಲ್ಲ ಹೇಳಿದೆ. ಅವಳು ಕಿಟಕಿಯಾಚೆ ದಾಳಿಂಬೆ ಗಿಡವನ್ನೇ ನೋಡುತ್ತಿದ್ದಳು. ಹಣ್ಣು ಬಿರಿದಿವೆ, ಗುಬ್ಬಿಗಳು ಕುಕ್ಕುತ್ತಿದ್ದವು. ಅಳುತ್ತಾಳೆ ಅಂದುಕೊಂಡೆ, ನಿನ್ನನ್ನು ಬೈಯುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಒಂದೇ, "ಜಲೀಲ್‌ಗೆ ಗೊತ್ತಾ?" ಇಲ್ಲ ಅಂದೆ. "ಹೇಳಬೇಡ ಕಣೇ. ಉಸಿರು ಬಿಗಿಹಿಡಿದುಕೊಂಡು ಎಷ್ಟು ಆಸೆಯಿಂದ ಎಳೆದಿದ್ದ. ಕೇಳಿದ್ರೆ ನೊಂದ್ಕೊತಾನೆ." ಅತ್ತದ್ದು ನಾನು, ಅವಳಲ್ಲ.

ನಿನ್ನೆ ಮಸೀದಿಯ ಮುಲ್ಲಾ ಆಗಾರನ್ನು ಕೇಳಿಕೊಂಡು ಬಂದಳು. ನಂಬಿ ನಿಂತವರದ್ದು ಸಲ್ಲುತ್ತದೆ ತಾಯಿ, ಹಳೆಯದನ್ನು ತಿರುಗಿ ಮಾಡಬೇಕಾಗಿಲ್ಲ ಅಂದರಂತೆ. ಆದರೆ ಸಫರ್‌ಅಲಿ ಹೊಸ ಗೆರೆ ಎಳೆಯಲು ಹೋದಾಗ ಅವನನ್ನು ಕೋಣೆಯ ಒಳಗೆ ಬಿಡಲಿಲ್ಲ. "ಕಕ್ಕಸಿನ ದಿಕ್ಕು ನೀನು ನೋಡ್ಕೋ ಸಾಕು" ಅಂದಳು. ಚಾಪೆ ಸುತ್ತಿ ಕಪಾಟಿನ ಮೇಲಿಟ್ಟಿದ್ದಾಳೆ. ಆ ಮೊಣಕಾಲಿಟ್ಟುಕೊಂಡು ಹೊತ್ತು ಹೊತ್ತಿಗೆ ಮಸೀದಿಗೆ ನಡೆಯುತ್ತಾಳೆ, ಈಗಲೂ ಅಲ್ಲಿಗೇ ಹೋಗಿದ್ದಾಳೆ. ಯಾರಿಗಾಗಿ ಕಾಯುತ್ತಿದ್ದಾಳೆ ಅಂತ ಬಾಯಿಬಿಟ್ಟು ಹೇಳುವವಳಲ್ಲ. ಹೇಳಬೇಡ ಅಂದದ್ದನ್ನು ನಾನು ಬರೆದುಬಿಟ್ಟೆ. ತಪ್ಪಾಗಿದ್ದರೆ ನನ್ನ ತಲೆಗಿರಲಿ. ಅವಳಿಗೆ ಮೊದಲು ನೆನಪಾದದ್ದು ಇಪ್ಪತ್ತೇಳು ವರ್ಷದ ನಮಾಜಲ್ಲ, ನಿನಗೆ ನೋವಾಗುತ್ತದಲ್ಲ ಅನ್ನುವುದು. ಅದು ನಿನಗೆ ತಿಳಿಯದೆ ಹೋದರೆ ನನ್ನ ಮನಸ್ಸಿಗೆ ಸಮಾಧಾನವಿರುವುದಿಲ್ಲ.

ಎಶ್ರತ್ ಅತ್ತಿಗೆಗೆ ನನ್ನ ಸಲಾಮು, ಪೂಪಕ್‌ಗೆ ಎರಡು ಕೆನ್ನೆಗೂ ಮುತ್ತು. ಹಬೀಬ್ ನಿನ್ನನ್ನು ತುಂಬಾ ಕೇಳಿದ್ದಾನೆ. ದೇವರು ನಿಮ್ಮ ಮೂವರನ್ನೂ ತಣ್ಣಗಿಟ್ಟಿರಲಿ, ನಿನ್ನ ಬೆನ್ನನ್ನು ಮಾತ್ರ ಬೆಚ್ಚಗಿಟ್ಟಿರಲಿ.

ನಿನ್ನ ತಂಗಿ,
ತೂಬಾ

ಮತ್ತೆ: ಅವಸರದಲ್ಲಿ ಬರೆಯುತ್ತಿದ್ದೇನೆ, ಹಬೀಬ್ ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ. ಅಮ್ಮ ಮಸೀದಿಯಿಂದ ಬಂದವಳು ಕಾಗದ ನೋಡಿಬಿಟ್ಟಳು. ಬಚ್ಚಿಡಲು ಹೋದರೆ "ಓದು" ಅಂದಳು. ಮೊದಲಿಂದ ಕೊನೆಯವರೆಗೆ ಓದಿಸಿದಳು, ಈ ಸಲ ಅಡುಗೆಮನೆಗೆ ಹೋಗದೆ ನನ್ನ ಎದುರಿಗೇ ಕೂತು. ಬೈಗುಳಕ್ಕೆ ತಲೆ ತಗ್ಗಿಸಿದೆ. ಅವಳು, "ಆ ಎಶ್ರತ್ ಎಷ್ಟು ಎತ್ತರ ಇದಾಳೆ?" ಅಂದಳು. ಸಫರ್‌ಅಲಿ ಟೈಲ್ಸ್ ನಡುವೆ ಕನ್ನಡಿಗೆ ಜಾಗ ಬಿಡಬೇಕಂತೆ, ಎಷ್ಟು ಮೇಲೆ ಅಂತ ಬೆಳಿಗ್ಗೆಯಿಂದ ಕೇಳುತ್ತಿದ್ದಾನೆ. "ನನ್ನ ಅಳತೆಗೆ ಬಿಟ್ರೆ ಅವಳು ಬಗ್ಗಿ ತಲೆ ಬಾಚ್ಕೋಬೇಕಾಗತ್ತೆ." ನಾನು ಅವಳನ್ನು ನೋಡಿಲ್ಲವಲ್ಲ ಅಮ್ಮ, ಅಂದೆ. "ಫೋಟೋದಲ್ಲಿ ಎಷ್ಟು ಸಲ ನೋಡಿದ್ರೂ ತಿಳಿಯಲ್ಲ ಕಣೇ, ಕುರ್ಚಿ ಮೇಲೆ ಕೂತಿದಾಳೆ" ಅಂದಳು. ಅಣ್ಣಾ, ನೀನು ಮದುವೆಯಾದ ವರ್ಷ ಕಳಿಸಿದ ಫೋಟೋ ಅದು, ಒಲೆಗೆ ಹಾಕಿದೆ ಅಂತ ಅಮ್ಮ ನಮಗೆಲ್ಲ ಹೇಳಿದ್ದ ಫೋಟೋ. ಅಳತೆ ಬರೆದು ಕಳಿಸಬೇಡ, ಅವಳನ್ನೇ ಕರೆದುಕೊಂಡು ಬಾ. ಕನ್ನಡಿಯ ಆ ಒಂದು ಗೋಡೆ ಬಿಟ್ಟು ಮಿಕ್ಕ ಮೂರಕ್ಕೂ ಟೈಲ್ಸ್ ಹಚ್ಚು ಅಂತ ಸಫರ್‌ಅಲಿಗೆ ಹೇಳಿದ್ದೇವೆ.